ನೋವು ಎಲ್ಲಿದೆ? - ಟಿಬಿಲಿಸಿಯ ವಾರ್ಡುಗಳಲ್ಲಿ

ಜಾರ್ಜಿಯಾದ ರಾಜಧಾನಿ ಟಿಬಿಲಿಸಿಯ ಮೆಟ್ರೋ ರೈಲಿಗೆ ಎರಡೇ ಮಾರ್ಗಗಳು. ಸಬುರ್ತಾಲೊ ಎಂಬ ಬಡಾವಣೆಯ ಕಡೆಗೆ ಹೋಗುವ ಮಾರ್ಗದಲ್ಲಿ ‘ವೈದ್ಯಕೀಯ ವಿಶ್ವವಿದ್ಯಾಲಯ’ ಎಂಬ ಹೆಸರಿನದೇ ಒಂದು ನಿಲ್ದಾಣವಿದೆ. ಚಳಿಗಾಲದ ಬೆಳಿಗ್ಗೆ ಅಲ್ಲಿ ಇಳಿಯುವವರಲ್ಲಿ ದಪ್ಪ ಕೋಟು ತೊಟ್ಟು, ಚೀಲದೊಳಗೆ ಮಡಿಸಿದ ಬಿಳಿ ಕೋಟು ಇಟ್ಟುಕೊಂಡ ಭಾರತದ ಹುಡುಗ ಹುಡುಗಿಯರು ಬಹಳ. ನೆಲದಾಳದಿಂದ ಮೇಲೇರುವ ಉದ್ದನೆಯ ಚಲಿಸುವ ಮೆಟ್ಟಿಲುಗಳ ಮೇಲೆ ಹಿಂದಿ, ಮಲಯಾಳ, ತೆಲುಗು ಕೇಳಿಸುತ್ತವೆ. ಕಿವಿಗೊಟ್ಟರೆ ನಡುವೆ ಕನ್ನಡವೂ ಕೇಳಿಸುತ್ತದೆ. ಎಲ್ಲರೂ ಒಂದೇ ಕಟ್ಟಡಕ್ಕೆ ಹೋಗುವವರಲ್ಲ. ಮೂರನೆಯ ವರ್ಷ ದಾಟಿದವರು ಇಲ್ಲಿಂದಲೇ ಬಸ್ಸು ಹಿಡಿದು ಊರಿನ ಬೇರೆ ಬೇರೆ ಆಸ್ಪತ್ರೆಗಳಿಗೆ ಚದರಿಹೋಗುತ್ತಾರೆ. ಒಂದು ವಾರ ಹೃದ್ರೋಗ, ಮುಂದಿನ ವಾರ ಶಸ್ತ್ರಚಿಕಿತ್ಸೆ, ಆ ಬಳಿಕ ಹೆರಿಗೆ ವಿಭಾಗ. ನಮ್ಮ ಕಡೆಯ ಮಕ್ಕಳು ‘ಪೋಸ್ಟಿಂಗ್’ ಎಂದು ಕರೆಯುವ ಈ ಅಲೆದಾಟದಲ್ಲೇ ಅವರು ಊರನ್ನು ಅರಿಯುವುದು.

ಊರೂ ಅರಿಯತಕ್ಕದ್ದೇ. ‘ಥ್ಬಿಲಿ’ ಎಂದರೆ ಅವರ ನುಡಿಯಲ್ಲಿ ಬೆಚ್ಚಗಿನದು. ಐದನೆಯ ಶತಮಾನದಲ್ಲಿ ವಖ್ತಾಂಗ್ ಗೊರ್ಗಸಾಲಿ ಎಂಬ ಅರಸನ ಬೇಟೆಯ ಡೇಗೆ ಹಕ್ಕಿಯೊಂದನ್ನು ಅಟ್ಟಿಸಿಕೊಂಡು ಹೋಗಿ ಬಿಸಿನೀರಿನ ಬುಗ್ಗೆಯಲ್ಲಿ ಬಿದ್ದಿತು, ಅರಸನು ಅಲ್ಲೇ ನಗರ ಕಟ್ಟಿಸಿದನು ಎಂಬುದು ಐತಿಹ್ಯ. ಕಥೆ ಹೇಗೇ ಇರಲಿ, ಗಂಧಕದ ಬುಗ್ಗೆಗಳು ಇಂದಿಗೂ ಇವೆ. ಹಳೆಯ ಪೇಟೆಯ ಸ್ನಾನಗೃಹಗಳ ಇಟ್ಟಿಗೆಯ ಗುಮ್ಮಟಗಳು ನೆಲಮಟ್ಟದಲ್ಲಿ ಬೋರಲು ಹಾಕಿದ ಮಡಕೆಗಳಂತೆ ಕಾಣುತ್ತವೆ. ಮೇಲೆ ನರಿಕಾಲ ಕೋಟೆ, ಕೆಳಗೆ ಮಣ್ಣುಬಣ್ಣದ ಮ್ತ್‌ಕ್ವಾರಿ ನದಿ, ಇಳಿಜಾರಿನಲ್ಲಿ ಮರದ ಕೆತ್ತನೆಯ ಜಗಲಿಗಳನ್ನು ಹೊರಚಾಚಿ ನಿಂತ ಮನೆಗಳು. ಗುಡ್ಡದ ನೆತ್ತಿಯಲ್ಲಿ 1958ರಲ್ಲಿ ನಿಲ್ಲಿಸಿದ ‘ಜಾರ್ಜಿಯಾದ ತಾಯಿ’ಯ ವಿಗ್ರಹ. ಅವಳ ಒಂದು ಕೈಯಲ್ಲಿ ಬಂದವರಿಗೆ ದ್ರಾಕ್ಷಾರಸದ ಬಟ್ಟಲು, ಇನ್ನೊಂದರಲ್ಲಿ ಖಡ್ಗ.

ಕಾಸರಗೋಡಿನ ಕಡೆಯಿಂದ ಹೋದವರ ಕಣ್ಣು ಮೊದಲು ನಿಲ್ಲುವುದು ಅಂಗಡಿಗಳ ಹೆಸರುಹಲಗೆಗಳ ಮೇಲೆ. ಜಾರ್ಜಿಯನ್ ಲಿಪಿಯ ಮೂವತ್ತಮೂರು ಅಕ್ಷರಗಳು ಗುಂಡುಗುಂಡಾಗಿ ಬಳುಕಿ, ದೂರದಿಂದ ಕನ್ನಡವೋ ಮಲಯಾಳವೋ ಎಂಬ ಭ್ರಮೆ ಹುಟ್ಟಿಸುತ್ತವೆ. ನಂಟು ಏನೂ ಇಲ್ಲ, ಹೋಲಿಕೆ ಕಣ್ಣಿಗೆ ಮಾತ್ರ. ಆದರೂ ಒಂದು ಕಾಲಸಾಮ್ಯವನ್ನು ಹೇಳದೆ ಬಿಡಲಾಗದು. ಟಿಬಿಲಿಸಿಯ ದಕ್ಷಿಣಕ್ಕಿರುವ ಬೊಲ್ನಿಸಿ ಇಗರ್ಜಿಯ ಹಳೆಯ ಶಾಸನವೂ ನಮ್ಮ ಹಲ್ಮಿಡಿ ಶಾಸನವೂ ಐದನೆಯ ಶತಮಾನದವೇ.

ಈ ಲಿಪಿ, ಈ ನುಡಿ ಅವರಿಗೆ ಪುಕ್ಕಟೆಯಾಗಿ ಉಳಿದುಬಂದುದಲ್ಲ. 1978ರಲ್ಲಿ ಸೋವಿಯತ್ ಆಡಳಿತದ ಹೊಸ ಸಂವಿಧಾನದ ಕರಡಿನಲ್ಲಿ ಜಾರ್ಜಿಯನ್ ಭಾಷೆಗಿದ್ದ ರಾಜ್ಯಭಾಷೆಯ ಸ್ಥಾನ ಕಾಣೆಯಾಗಿತ್ತು. ಏಪ್ರಿಲ್ 14ರಂದು ಸಹಸ್ರಾರು ಜನ, ಹೆಚ್ಚಿನವರು ವಿದ್ಯಾರ್ಥಿಗಳು, ರುಸ್ತಾವೆಲಿ ಬೀದಿಯಲ್ಲಿ ಮೆರವಣಿಗೆ ಹೊರಟರು. ಅಂತಹ ಕಾಲದಲ್ಲಿ ಅದು ಸಣ್ಣ ಧೈರ್ಯವಲ್ಲ. ಸರಕಾರ ಮಣಿದು ಆ ವಿಧಿಯನ್ನು ಮರಳಿ ಸೇರಿಸಿತು. ಇಂದಿಗೂ ಏಪ್ರಿಲ್ 14 ಅವರಿಗೆ ತಾಯ್ನುಡಿಯ ದಿನ. ಮಕ್ಕಳ ಮೊದಲ ಪಾಠಪುಸ್ತಕದ ಹೆಸರೂ ‘ದೆದಾ ಎನಾ’, ಅಂದರೆ ತಾಯ್ನುಡಿ. ಯಾಕೊಬ್ ಗೊಗೆಬಾಷ್ವಿಲಿ ಎಂಬ ಶಿಕ್ಷಕ ಅದನ್ನು ಮೊದಲು ಅಚ್ಚು ಮಾಡಿಸಿದ್ದು 1876ರಲ್ಲಿ. ‘ದೆದಾ’ ಎಂದರೆ ತಾಯಿ. ತಂದೆಗೆ ಅವರು ಹೇಳುವ ಮಾತು ‘ಮಾಮಾ’! ನಮ್ಮ ಮಕ್ಕಳು ಮೊದಲ ವಾರ ಇದಕ್ಕೇ ನಗುತ್ತಾರೆ.

ನಗು ಮೂರನೆಯ ವರ್ಷದ ಹೊತ್ತಿಗೆ ಮಾಯವಾಗುತ್ತದೆ. ತರಗತಿಯ ಪಾಠ ಇಂಗ್ಲಿಷಿನಲ್ಲಿ, ರೋಗಿ ಮಾತಾಡುವುದು ಜಾರ್ಜಿಯನ್ನಿನಲ್ಲಿ. ಮಂಜೇಶ್ವರದ ಕಡೆಯ, ಹತ್ತನೆಯ ತರಗತಿಯವರೆಗೆ ಕನ್ನಡ ಮಾಧ್ಯಮದಲ್ಲೇ ಓದಿದ ವಿದ್ಯಾರ್ಥಿನಿಯೊಬ್ಬಳು ಅಲ್ಲಿ ಐದನೆಯ ವರ್ಷದಲ್ಲಿದ್ದಾಳೆ. ಅವಳ ಕಿಸೆಯಲ್ಲಿ ಒಂದು ಸಣ್ಣ ಪುಸ್ತಕ. ಅದರಲ್ಲಿ ರೋಗಿಗಳನ್ನು ಕೇಳಬೇಕಾದ ಪ್ರಶ್ನೆಗಳೆಲ್ಲ ಕನ್ನಡ ಲಿಪಿಯಲ್ಲಿವೆ. ಮೊದಲ ಪುಟದ ಮೊದಲ ಸಾಲು ‘ಸದ್ ಗ್‌ತ್ಕಿವಥ್?’ ಅಂದರೆ, ನಿಮಗೆ ಎಲ್ಲಿ ನೋಯುತ್ತದೆ? ಜಾರ್ಜಿಯನ್ನಿನಲ್ಲಿ ಎರಡು ಬಗೆಯ ‘ತ’ಕಾರಗಳಿವೆ. ಒಂದು ಉಸಿರು ಬಿಟ್ಟು ಹೇಳುವುದು, ಇನ್ನೊಂದು ಗಂಟಲನ್ನು ಬಿಗಿಹಿಡಿದು ಸಿಡಿಸುವುದು. ಇಂಗ್ಲಿಷ್ ಅಕ್ಷರಗಳಲ್ಲಿ ಬರೆದುಕೊಂಡ ಗೆಳತಿಯರಿಗೆ ಎರಡೂ ಒಂದೇ ಆಗಿ ಎಡವಟ್ಟಾಗುತ್ತಿತ್ತು. ಇವಳು ಮೊದಲನೆಯದಕ್ಕೆ ‘ಥ’, ಎರಡನೆಯದಕ್ಕೆ ‘ತ’ ಎಂದು ಗುರುತು ಮಾಡಿಕೊಂಡಳು. ಕನ್ನಡ ಶಾಲೆಯ ಅಲ್ಪಪ್ರಾಣ ಮಹಾಪ್ರಾಣಗಳ ಪಾಠ ಹೀಗೆ ಕಾಕಸಸ್ ಪರ್ವತದ ತಪ್ಪಲಲ್ಲಿ ಉಪಯೋಗಕ್ಕೆ ಬಂದಿತು.

ಇಷ್ಟು ದೂರ ಏಕೆ ಬರಬೇಕಾಯಿತು ಎಂಬುದನ್ನು ಗಡಿನಾಡಿನ ಓದುಗರಿಗೆ ವಿವರಿಸಬೇಕಾಗಿಲ್ಲ. ನೀಟ್ ಪರೀಕ್ಷೆಯ ಕನ್ನಡ ಪ್ರಶ್ನಪತ್ರಿಕೆ ಕರ್ನಾಟಕದ ಕೇಂದ್ರಗಳಿಗೆ ಸೀಮಿತ. ಸರಕಾರಿ ಕಾಲೇಜಿನ ಸೀಟಿಗೆ ಅಂಕ ಸಾಲದು, ಖಾಸಗಿ ಸೀಟಿಗೆ ಹಣ ಸಾಲದು. ವಿದೇಶಕ್ಕೆ ಹೋಗುವುದಕ್ಕೂ 2018ರಿಂದ ನೀಟ್‌ನಲ್ಲಿ ಅರ್ಹತೆ ಬೇಕು, ಆದರೆ ಅರ್ಹತೆಯಷ್ಟೇ ಸಾಕು. ಅಡಿಕೆ ತೋಟದ ಮೇಲೆ ಸಾಲ ಎದ್ದಿತು, ಹುಡುಗಿ ವಿಮಾನ ಹತ್ತಿದಳು. ಅವಳ ತರಗತಿಯಲ್ಲಿ ಉಕ್ರೇನಿನಿಂದ ಬಂದವರೂ ಇದ್ದಾರೆ. 2022ರ ಫೆಬ್ರವರಿಯಲ್ಲಿ ಯುದ್ಧ ಆರಂಭವಾದಾಗ ಓದು ಅರ್ಧಕ್ಕೆ ನಿಂತ ಭಾರತೀಯ ವಿದ್ಯಾರ್ಥಿಗಳಲ್ಲಿ ಹಲವರು ಜಾರ್ಜಿಯಾಕ್ಕೆ ವರ್ಗವಾಗಿ ಬಂದರು. ಅದೇ ಯುದ್ಧದಲ್ಲಿ, ಮಾರ್ಚ್ 1ರಂದು, ಖಾರ್ಕಿವ್‌ನಲ್ಲಿ ಹಾವೇರಿ ಜಿಲ್ಲೆಯ ವಿದ್ಯಾರ್ಥಿ ನವೀನ್ ಶೇಖರಪ್ಪ ತೀರಿಕೊಂಡುದನ್ನು ಕನ್ನಡಿಗರು ಮರೆತಿಲ್ಲ.

ತಾಯ್ತಂದೆಯರು ತಿಳಿದಿರಲೇಬೇಕಾದ ಕಾನೂನಿನ ಗಂಟು ಇರುವುದು ಈ ಪೋಸ್ಟಿಂಗುಗಳಲ್ಲೇ. ರಾಷ್ಟ್ರೀಯ ವೈದ್ಯಕೀಯ ಆಯೋಗವು 2021ರ ನವೆಂಬರಿನಲ್ಲಿ ಹೊರಡಿಸಿದ ನಿಯಮಗಳ ಪ್ರಕಾರ, ವಿದೇಶದಲ್ಲಿ ಓದಿದವನು ಭಾರತದಲ್ಲಿ ವೈದ್ಯನಾಗಬೇಕಾದರೆ ಕನಿಷ್ಠ 54 ತಿಂಗಳ ವ್ಯಾಸಂಗವನ್ನು ಇಂಗ್ಲಿಷ್ ಮಾಧ್ಯಮದಲ್ಲಿ ಮುಗಿಸಿರಬೇಕು. ಅದೇ ಸಂಸ್ಥೆಯಲ್ಲಿ 12 ತಿಂಗಳ ಇಂಟರ್ನ್‌ಶಿಪ್ ಮಾಡಿರಬೇಕು. ಓದಿದ ದೇಶದ ಪ್ರಜೆಗೆ ಸಮನಾಗಿ ಅಲ್ಲಿ ವೃತ್ತಿ ಪರವಾನಗಿ ಪಡೆಯಲು ಅರ್ಹನಾಗಿರಬೇಕು. ಎಲ್ಲವೂ ಹತ್ತು ವರ್ಷಗಳೊಳಗೆ ಮುಗಿಯಬೇಕು. ಊರಿಗೆ ಬಂದ ಮೇಲೆ ಪರೀಕ್ಷೆ, ಮತ್ತೆ 12 ತಿಂಗಳ ಇಂಟರ್ನ್‌ಶಿಪ್. ಇವೆಲ್ಲಕ್ಕಿಂತ ಹರಿತವಾದ ಮಾತು ಇನ್ನೊಂದಿದೆ: ತರಬೇತಿಯ ಯಾವ ಭಾಗವನ್ನೂ ಭಾರತದಲ್ಲಾಗಲಿ, ಪದವಿ ನೀಡುವ ದೇಶವನ್ನು ಬಿಟ್ಟು ಬೇರೆ ದೇಶದಲ್ಲಾಗಲಿ ಮಾಡತಕ್ಕದ್ದಲ್ಲ.

ಈ ಒಂದು ವಾಕ್ಯವನ್ನು ಓದದೆ ಕೆಟ್ಟವರುಂಟು. “ಮೂರು ವರ್ಷ ಅಲ್ಲಿ ಓದಲಿ, ಆಸ್ಪತ್ರೆಯ ಪೋಸ್ಟಿಂಗನ್ನು ಊರ ಹತ್ತಿರವೇ ಮಾಡಿಸಿಕೊಡುತ್ತೇವೆ, ಭಾಷೆಯ ತೊಂದರೆಯೂ ಇಲ್ಲ” ಎಂದು ಹೇಳುವ ದಲ್ಲಾಳಿಗಳಿದ್ದಾರೆ. ಕೇಳಲು ಇಂಪಾದ ಮಾತು. ಆ ತಿಂಗಳುಗಳು ಲೆಕ್ಕಕ್ಕೆ ಬಾರವು ಎಂದು ತಿಳಿಯುವುದು ಆರು ವರ್ಷ ಕಳೆದು ನೋಂದಣಿಗೆ ಅರ್ಜಿ ಹಾಕಿದಾಗ. ಜಾರ್ಜಿಯಾದ ವ್ಯಾಸಂಗ ಆರು ವರ್ಷಗಳದ್ದು. ಅದರ ಕೊನೆಯ ವರ್ಷವನ್ನೇ ಇಂಟರ್ನ್‌ಶಿಪ್ ಎಂದು ವಿಶ್ವವಿದ್ಯಾಲಯ ಬರೆದುಕೊಡುತ್ತದೆಯೇ, ಬೇರೆಯಾಗಿ ಹನ್ನೆರಡು ತಿಂಗಳು ಇದೆಯೇ, ಯಾವ ಆಸ್ಪತ್ರೆಗಳೊಡನೆ ಒಪ್ಪಂದವಿದೆ, ಅಲ್ಲಿ ಹಾಸಿಗೆಯ ಬಳಿ ನಿಂತು ನೋಡುವುದಷ್ಟೆಯೋ ರೋಗಿಯನ್ನು ಮುಟ್ಟಿ ಕಲಿಯುವ ಅವಕಾಶವುಂಟೋ, ಇವಿಷ್ಟನ್ನೂ ಶುಲ್ಕ ಕಟ್ಟುವ ಮೊದಲೇ ಬರಹದಲ್ಲಿ ಕೇಳಿ ಪಡೆಯಬೇಕು. ಬಾಯಿಮಾತಿಗೆ ಸಾಕ್ಷಿ ಸಿಗದು.

ಮುಂದೆ ಅಮೆರಿಕಕ್ಕೋ ಬ್ರಿಟನ್ನಿಗೋ ಹೋಗಬೇಕೆಂಬ ಆಸೆಯವರು ಬೇಸಿಗೆಯ ರಜೆಯಲ್ಲಿ ಅಲ್ಲಿನ ಆಸ್ಪತ್ರೆಗಳಲ್ಲಿ ನಾಲ್ಕು ವಾರಗಳ ಪೋಸ್ಟಿಂಗಿಗೆ ಪತ್ರ ಬರೆಯುತ್ತಾರೆ. ಡೀನರ ಪತ್ರ, ಅಂಕಪಟ್ಟಿ, ಹೆಪಟೈಟಿಸ್ ಲಸಿಕೆ ಮತ್ತು ಕ್ಷಯ ತಪಾಸಣೆಯ ದಾಖಲೆ, ವೃತ್ತಿಲೋಪದ ವಿಮೆ, ವೀಸಾ: ಕಾಗದದ ಕಂತೆಯೇ ಬೇಕು, ತಿಂಗಳುಗಳ ಮೊದಲೇ ಬೇಕು. ಅದು ಆ ದೇಶದ ದಾರಿಗೆ ಒದಗುತ್ತದೆ. ಊರಿಗೆ ಮರಳುವ ದಾರಿಗೆ, ನಿಗದಿತ ತರಬೇತಿ ಪೂರ್ತಿ ಟಿಬಿಲಿಸಿಯಲ್ಲೇ ನಡೆದಿರಬೇಕು. ರಜೆಯ ಅನುಭವ ಅದಕ್ಕೆ ಬದಲಿಯಲ್ಲ.

ಮಂಜೇಶ್ವರದ ಹುಡುಗಿಯ ಗೆಳೆಯರು ಕೆಲವರು ಅರ್ಜಿ ಹಾಕಿದರು. ಅವಳು ಹಾಕಲಿಲ್ಲ. ಆ ಚಳಿಗಾಲ ಅವಳಿಗೆ ಆಂತರಿಕ ವೈದ್ಯಶಾಸ್ತ್ರದ ವಾರ್ಡು. ಒಂದು ಬೆಳಿಗ್ಗೆ ತಲೆಗೆ ವಸ್ತ್ರ ಕಟ್ಟಿದ ಮುದುಕಿಯೊಬ್ಬಳ ಬಳಿ ಕುಳಿತು, ರೂಢಿಯಾಗಿದ್ದ ಪ್ರಶ್ನೆಯನ್ನು ಕೇಳಿದಳು: “ಸದ್ ಗ್‌ತ್ಕಿವಥ್?” ಮುದುಕಿ ಸುಮ್ಮನೆ ನೋಡಿದಳು. ಉಚ್ಚಾರ ತಪ್ಪಿತೇನೋ ಎಂದು ನಿಧಾನವಾಗಿ ಮತ್ತೊಮ್ಮೆ ಕೇಳಿದಳು. ಆಗ ನೆಲ ಒರೆಸುತ್ತಿದ್ದ ಹೆಂಗಸು ತಲೆಯೆತ್ತಿ ಹೇಳಿದಳು, ಅವಳಿಗೆ ಜಾರ್ಜಿಯನ್ ಬಾರದು, ಮಾರ್ನೆಯುಲಿಯವಳು. ಟಿಬಿಲಿಸಿಯ ದಕ್ಷಿಣಕ್ಕೆ, ಗಡಿಯ ಕಡೆಗಿರುವ ಆ ಸೀಮೆಯಲ್ಲಿ ತಲೆಮಾರುಗಳಿಂದ ನೆಲೆಸಿದವರು ಹೆಚ್ಚಾಗಿ ಅಜರ್‌ಬೈಜಾನಿ ಭಾಷೆಯವರು. ತಾಯ್ನುಡಿಗಾಗಿ ಬೀದಿಗಿಳಿದ ಜನರ ನಾಡಿನಲ್ಲೂ, ರಾಜಧಾನಿಯ ಆಸ್ಪತ್ರೆಯಲ್ಲಿ ನೋವನ್ನು ಹೇಳಿಕೊಳ್ಳಲು ಮಾತಿಲ್ಲದವರಿದ್ದಾರೆ.

ನೆಲ ಒರೆಸುವ ಹೆಂಗಸು ನಡುವೆ ನಿಂತು ದುಭಾಷಿಯಾದಳು. ಹುಡುಗಿಗೆ ತನ್ನ ಅಜ್ಜಿಯ ನೆನಪಾಯಿತು. ತುಳುವೂ ಕನ್ನಡವೂ ಬಿಟ್ಟು ಬೇರೆ ತಿಳಿಯದ ಅಜ್ಜಿ, ಕಣ್ಣೂರಿನ ಕಡೆಯ ಆಸ್ಪತ್ರೆಯೊಂದರಲ್ಲಿ ಹೊಟ್ಟೆ ಹಿಡಿದುಕೊಂಡು ಮಲಯಾಳದ ಪ್ರಶ್ನೆಗಳಿಗೆಲ್ಲ ತಲೆಯಾಡಿಸಿದ್ದಳು. 2020ರಲ್ಲಿ ಗಡಿಯ ರಸ್ತೆಗಳನ್ನು ಮುಚ್ಚಿದಾಗ ಮಂಗಳೂರಿಗೆ ಹೋಗಲಾರದೆ ನಮ್ಮ ರೋಗಿಗಳು ಪಟ್ಟ ಪಾಡು ಕೇರಳ ಹೈಕೋರ್ಟಿನ, ಸುಪ್ರೀಂ ಕೋರ್ಟಿನ ಮೆಟ್ಟಿಲನ್ನೂ ಹತ್ತಿತು. ರಸ್ತೆ ತೆರೆಯಲು ನ್ಯಾಯಾಲಯ ಹೇಳಬಲ್ಲದು. ವಾರ್ಡಿನಲ್ಲಿ ಅಜ್ಜಿಯ ಮಾತು ತಿಳಿಯುವವರನ್ನು ಕೂರಿಸು ಎಂದು ಯಾವ ನ್ಯಾಯಾಲಯ ಹೇಳೀತು? ಆ ಸಂಜೆ ಸಣ್ಣ ಪುಸ್ತಕದಲ್ಲಿ ಹೊಸದೊಂದು ಪುಟ ಶುರುವಾಯಿತು. ಅಜರ್‌ಬೈಜಾನಿ ಮಾತುಗಳು, ಅವೂ ಕನ್ನಡ ಲಿಪಿಯಲ್ಲಿ.

ಭಾನುವಾರ ಬಿಡುವಾದಾಗ ಅವಳು ಊರು ಸುತ್ತುತ್ತಾಳೆ. ನದಿಯ ದಂಡೆಯ ಎಲಿಯಾವಾ ಸಂಸ್ಥೆ ಅವಳಿಗೆ ಮೆಚ್ಚಿನದು. ರೋಗಾಣುಗಳನ್ನೇ ತಿನ್ನುವ ವೈರಾಣುಗಳಿಂದ ಚಿಕಿತ್ಸೆ ಮಾಡುವ ವಿದ್ಯೆಯನ್ನು ಅಲ್ಲಿ 1923ರಿಂದ ಬೆಳೆಸಿಕೊಂಡು ಬಂದಿದ್ದಾರೆ. ಆ ವಿದ್ಯೆಯ ಮೂಲಪುರುಷರಲ್ಲಿ ಒಬ್ಬನಾದ ಫೆಲಿಕ್ಸ್ ದೆರೆಲ್ 1927ರಲ್ಲಿ ಭಾರತಕ್ಕೆ ಬಂದು ಕಾಲರಾದ ಮೇಲೆ ಅದನ್ನು ಪ್ರಯೋಗಿಸಿದ್ದನು. ಬಳಿಕ ಟಿಬಿಲಿಸಿಗೂ ಬಂದು ಕೆಲಸ ಮಾಡಿದನು. ಸಂಸ್ಥೆಯನ್ನು ಕಟ್ಟಿದ ಗಿಯೋರ್ಗಿ ಎಲಿಯಾವಾನನ್ನು 1937ರಲ್ಲಿ ಸ್ಟಾಲಿನನ ಆಡಳಿತ ಕೊಂದುಹಾಕಿತು.

ಇನ್ನೊಂದು ನಂಟು ಗೋವೆಯದು. 1624ರಲ್ಲಿ ಪರ್ಷಿಯಾದಲ್ಲಿ ಮತ ಬಿಡಲೊಲ್ಲದೆ ಹತಳಾದ ಜಾರ್ಜಿಯಾದ ರಾಣಿ ಕೇತೆವಾನಳ ಅಸ್ಥಿಯನ್ನು ಪಾದ್ರಿಗಳು ಹಳೆ ಗೋವೆಗೆ ತಂದು ಇರಿಸಿದ್ದರು. ಪಾಳುಬಿದ್ದ ಇಗರ್ಜಿಯಲ್ಲಿ ಅದು ದೊರೆತು, ಹೈದರಾಬಾದಿನ ಪ್ರಯೋಗಾಲಯದಲ್ಲಿ ಪರೀಕ್ಷೆಯಾಗಿ, 2021ರ ಜುಲೈಯಲ್ಲಿ ಅದರ ಒಂದು ಭಾಗವನ್ನು ಭಾರತ ಸರಕಾರ ಜಾರ್ಜಿಯಾಕ್ಕೆ ಒಪ್ಪಿಸಿತು. ವಾರ್ಡಿನಲ್ಲಿ “ಎಲ್ಲಿಯವಳು ನೀನು?” ಎಂದು ಕೇಳುವ ಮುದುಕಿಯರಿಗೆ ಹುಡುಗಿ ಈಗ “ಗೋವೆಯ ಕೆಳಗಿನ ಕರಾವಳಿಯವಳು” ಎನ್ನುತ್ತಾಳೆ. ಕೆಲವರು ಶಿಲುಬೆಯ ಗುರುತು ಮಾಡಿಕೊಂಡು ಅವಳ ಕೈಯನ್ನು ಹಿಡಿದುಕೊಳ್ಳುತ್ತಾರೆ.

ಅಲ್ಲಿನ ಗಡಿಯಾರ ನಮ್ಮದಕ್ಕಿಂತ ಒಂದೂವರೆ ಗಂಟೆ ಹಿಂದೆ. ಅವಳು ಆಸ್ಪತ್ರೆಯಿಂದ ಹೊರಬಿದ್ದು, ಒಲೆಯಿಂದ ಆಗತಾನೆ ತೆಗೆದ ದೋಣಿಯಾಕಾರದ ರೊಟ್ಟಿಯನ್ನು ಕಾಗದದಲ್ಲಿ ಸುತ್ತಿಸಿಕೊಂಡು ಮೆಟ್ರೋಗೆ ಇಳಿಯುವ ಮೊದಲು ಮನೆಗೆ ಫೋನು ಮಾಡುವಷ್ಟರಲ್ಲಿ ಇಲ್ಲಿ ಕತ್ತಲಾಗಿರುತ್ತದೆ. ಅಮ್ಮ ಕೇಳುವುದು ಊಟ, ಚಳಿ. ಅಪ್ಪ ಕೇಳುವುದು ಒಂದೇ: “ಈ ತಿಂಗಳ ಪೋಸ್ಟಿಂಗಿನ ಸರ್ಟಿಫಿಕೇಟಿಗೆ ಆಸ್ಪತ್ರೆಯ ಸೀಲು ಬಿತ್ತಾ?”