ಪೆಟ್ಟು ನುಂಗುವ ವಿದ್ಯೆ

ಅರುವತ್ತು ದಾಟಿದ ಮನುಷ್ಯನಿಗೆ ದೇವರು ದಯಪಾಲಿಸುವ ಹೊಸ ಜ್ಞಾನವೆಂದರೆ ತನ್ನ ಬೆನ್ನುಮೂಳೆಯ ಭೂಗೋಳ. ಅದುವರೆಗೆ ಬೆನ್ನೆಂಬುದು ಅಂಗಿ ತೊಡುವುದಕ್ಕಾಗಿ ಇರುವ ಒಂದು ಜಾಗ, ಅಷ್ಟೆ. ಆಮೇಲೆ ಅದರಲ್ಲಿ ಎಷ್ಟು ಗೆಣ್ಣುಗಳಿವೆ, ಯಾವ ಗೆಣ್ಣಿಗೂ ಹೆದ್ದಾರಿಯ ಯಾವ ಹೊಂಡಕ್ಕೂ ವೈರ ಎಂಬುದೆಲ್ಲ ಒಂದೊಂದಾಗಿ ತಿಳಿಯುತ್ತ ಬರುತ್ತದೆ. ನನಗೆ ಈ ಪಾಠ ಆದದ್ದು ನನ್ನ ಯೆಜ್ದಿ ರೋಡ್‌ಕಿಂಗ್ ಮೋಟಾರ್ ಸೈಕಲ್ಲಿನ ಮೇಲೆ.

ಅದನ್ನು ಕೊಂಡದ್ದು 1986ರಲ್ಲಿ. ಕುಂದಾಪುರದ ಮನೆಯಿಂದ ಬ್ರಹ್ಮಾವರದ ಶಾಲೆಗೆ ಕೋಟೇಶ್ವರ, ಕುಂಭಾಶಿ, ತೆಕ್ಕಟ್ಟೆ, ಕೋಟ, ಸಾಲಿಗ್ರಾಮ ಎಂದು ಊರುಗಳನ್ನು ಜಪಸರದ ಮಣಿಗಳಂತೆ ಎಣಿಸುತ್ತ ನಿವೃತ್ತನಾಗುವವರೆಗೂ ಅದರ ಮೇಲೆಯೇ ಹೋಗಿ ಬಂದೆ. ಈಗಿನ 66ನೆಯ ಹೆದ್ದಾರಿಗೆ ಆಗ 17ನೆಯದೆಂದು ಹೆಸರು. ಅಗಲ ಕಡಮೆ, ಹೊಂಡ ಧಾರಾಳ. ಮೈಸೂರಿನ ಐಡಿಯಲ್ ಜಾವಾ ಕಾರ್ಖಾನೆಯವರು 1961ರಿಂದ ಜಾವಾ ಎಂಬ ಹೆಸರಿನಲ್ಲೂ 1973ರಿಂದ ಯೆಜ್ದಿ ಎಂಬ ಹೆಸರಿನಲ್ಲೂ ಗಾಡಿಗಳನ್ನು ಮಾಡುತ್ತಿದ್ದರು. 1996ರಲ್ಲಿ ಕಾರ್ಖಾನೆಯ ಬಾಗಿಲು ಮುಚ್ಚಿತು. 2022ರಲ್ಲಿ ಬೇರೆಯವರು ಆ ಹೆಸರನ್ನು ಮತ್ತೆ ಎಬ್ಬಿಸಿದ್ದಾರೆ; ನನ್ನದು ಮಾತ್ರ ಹಳೆಯ ಸಂತಾನ. ಒದ್ದು ಎಬ್ಬಿಸುವುದಕ್ಕೂ ಗೇರು ಬದಲಿಸುವುದಕ್ಕೂ ಅದರಲ್ಲಿ ಒಂದೇ ಸನ್ನೆಗೋಲು. ಒಬ್ಬನೇ ಮಾಸ್ತರು ಗಣಿತವನ್ನೂ ಡ್ರಿಲ್ಲನ್ನೂ ಹೇಳಿಕೊಡುತ್ತಿದ್ದ ಶಾಲೆಯಲ್ಲಿ ದುಡಿದ ನನಗೆ ಈ ಏರ್ಪಾಟು ಬಹಳ ಹಿಡಿಸಿತ್ತು.

ನನ್ನ ಮಗ ದುಬೈಯಲ್ಲಿದ್ದಾನೆ. ನಮ್ಮ ಕಡೆ ಇದೊಂದು ದೊಡ್ಡ ಸಂಗತಿಯಲ್ಲ. ಬೈಂದೂರಿನಿಂದ ಬ್ರಹ್ಮಾವರದವರೆಗೆ ಯಾವ ಬಾಗಿಲನ್ನು ತಟ್ಟಿದರೂ ಕೊಲ್ಲಿಯ ನಂಟೊಂದು ಹೊರಬರುತ್ತದೆ. ಎರಡು ವರ್ಷದ ಕೆಳಗೆ ಅವನು ಅಲ್ಲಿ ಒಂದು ವಿಚಿತ್ರ ವಾಹನವನ್ನು ಕೊಂಡ, ಅದೂ ಯಾರೋ ಓಡಿಸಿ ಬಿಟ್ಟದ್ದನ್ನು. ನಾಲ್ಕು ದಪ್ಪ ಚಕ್ರ, ಕುದುರೆಯ ಜೀನಿನಂಥ ಆಸನ, ಮೋಟಾರ್ ಸೈಕಲ್ಲಿನ ಹಿಡಿ. ಕಾರೂ ಅಲ್ಲ, ಬೈಕೂ ಅಲ್ಲ. ಎ.ಟಿ.ವಿ. ಎನ್ನುತ್ತಾರಂತೆ. ರಜೆಯ ದಿನ ಹತ್ತಾ ದಾರಿಯಲ್ಲಿರುವ ‘ಬಿಗ್ ರೆಡ್’ ಎಂಬ ಕೆಂಪು ಮರಳ ದಿಬ್ಬಕ್ಕೆ ಗೆಳೆಯರೊಡನೆ ಹೋಗಿ, ಅದನ್ನು ಏರಿಸಿ ಇಳಿಸಿ, ಮೈಯೆಲ್ಲ ಮರಳು ಮಾಡಿಕೊಂಡು ಬರುವುದು ಇವರ ವಿನೋದ. ಅಲ್ಲಿಗೆ ನನ್ನ ತಕರಾರಿರಲಿಲ್ಲ. ಕಂಬಳದ ಗದ್ದೆಯ ಕೆಸರನ್ನು ಕಂಡು ಬೆಳೆದವನು ಮರಳಿಗೆ ಹೆದರಬೇಕೆ?

ತಕರಾರು ಹುಟ್ಟಿದ್ದು ಒಂದು ಚಿತ್ರದಿಂದ. ಕಳೆದ ದೀಪಾವಳಿಯ ಹೊತ್ತಿಗೆ ಅವನು ವಾಟ್ಸಾಪಿನಲ್ಲಿ ಎರಡು ಉಕ್ಕಿನ ಕೊಳವೆಗಳ ಪಟ ಕಳಿಸಿದ. ಸುತ್ತ ಸ್ಪ್ರಿಂಗು, ಪಕ್ಕದಲ್ಲಿ ಮರಿಯೊಂದನ್ನು ಕಟ್ಟಿಕೊಂಡಂತೆ ಸಣ್ಣ ಡಬ್ಬಿ. ಮುಂದಿನ ಚಕ್ರಗಳಿಗೆ ಹೊಸ ಶಾಕ್ ಅಬ್ಸಾರ್ಬರು, ಜತೆಗೆ ಹೊಸ ತೋಳುಗಳು ಎಂದು ಬರೆದು, ಕೆಳಗೆ ಉದ್ದಕ್ಕೆ ಏನೇನೋ ವಿವರಿಸಿದ್ದ. ಕೊನೆಗೆ ಬೆಲೆ. ದಿರ್‌ಹಮ್ಮನ್ನು ರೂಪಾಯಿಗೆ ತಿರುಗಿಸಿ ನೋಡಿದೆ. ನನ್ನ ಯೆಜ್ದಿಯಂಥವು ಹಲವನ್ನು ಕೊಳ್ಳಬಹುದಾಗಿದ್ದ ಹಣ! ಇಲ್ಲಿ ಮನೆಯ ಮಾಡಿನ ಪಕಾಸುಗಳು ಗೆದ್ದಲು ಹಿಡಿದು ಕೂತಿವೆ. ಮಗ ಅಲ್ಲಿ ಮರಳಿನ ಮೇಲೆ ಮೆತ್ತಗೆ ಕೂರುವುದಕ್ಕೆ ಗಂಟು ಬಿಚ್ಚುತ್ತಿದ್ದಾನೆ. ಫೋನು ಮಾಡಿ ಆಡಬಾರದ್ದನ್ನೆಲ್ಲ ಆಡಿದೆ. ಅವನು ಕಡೆಗೆ ಹೇಳಿದ್ದು ಒಂದೇ ಮಾತು: “ಅಪ್ಪಯ್ಯ, ನಿಮ್ಗೆ ಅದ್ ಗೊತ್ತಾತಿಲ್ಲೆ.” ಆಮೇಲೆ ಐದು ತಿಂಗಳು ಅವನ ಫೋನು ಬರುತ್ತಿತ್ತು, ಆದರೆ ತಾಯಿಗೆ. ನಾನು ಪಕ್ಕದ ಕೋಣೆಯಲ್ಲಿ ಪತ್ರಿಕೆಯ ಒಂದೇ ಪುಟವನ್ನು ಓದುತ್ತ ಕೂರುತ್ತಿದ್ದೆ.

ಯುಗಾದಿಯ ಹಿಂದಿನ ದಿನ ನಿಜ ಹೊರಬಿತ್ತು. ನನ್ನವಳು ಯಾರೊಡನೆಯೋ “ಅವನ ಭುಜದ್ ಎಲುಬು ಕೂಡಿತ್” ಎನ್ನುತ್ತಿದ್ದಳು. ಯಾರ ಭುಜ ಎಂದು ಕೇಳಿದೆ. ಮರೆಮಾಚಲು ನೋಡಿ, ಆಗದೆ ಹೇಳಿದಳು. ಹೊಸ ಶಾಕು ಕೊಳ್ಳುವ ಮೊದಲೇ ಅವನು ಬಿದ್ದಿದ್ದ. ದಿಬ್ಬದ ಆಚೆ ಇಳಿದ ಗಾಡಿ ಮೂಗು ಕುಟ್ಟಿ, ಪುಟಿದು, ಅವನನ್ನು ಎಸೆದಿತ್ತು. ಕಾಲರ್ ಎಲುಬು ಮುರಿದು ಆರು ವಾರ ಕೈಯನ್ನು ಎದೆಗೆ ಕಟ್ಟಿಕೊಂಡಿದ್ದನಂತೆ. “ನೀವ್ ಬೈತ್ರಿ ಅಂದೇಳಿ ಹೇಳ್ಲಿಲ್ಲೆ” ಎಂದಳು. ನಾನು ಬೈದದ್ದೂ ಆಗಿತ್ತು, ಕಾರಣ ಮಾತ್ರ ಬೇರೆ.

ಆ ರಾತ್ರಿ ಹಳೆಯ ಸಂದೇಶವನ್ನು ಹುಡುಕಿ ತೆಗೆದೆ. ಮೂವತ್ತು ವರ್ಷ ಉತ್ತರ ಪತ್ರಿಕೆ ತಿದ್ದಿದವನು ನಾನು. ಕೊನೆಯ ಸಾಲಿನ ಉತ್ತರವನ್ನು ಮಾತ್ರ ನೋಡಿ ಸೊನ್ನೆ ಕೊಡುವ ಮಾಸ್ತರುಗಳನ್ನು ಬಹಳ ಹೀಗಳೆಯುತ್ತಿದ್ದೆ. ಮಗನ ಪತ್ರಿಕೆಯಲ್ಲಿ ನಾನು ಓದಿದ್ದು ಬೆಲೆಯ ಸಾಲನ್ನು ಮಾತ್ರ.

ಈಗ ಪೂರ್ತಿ ಓದಿದೆ. ಈ ಜಾತಿಯ ವಾಹನದ ಹಿರಿಯಜ್ಜ 1970ರಲ್ಲಿ ಹೋಂಡಾ ಕಂಪನಿ ಮಾರುಕಟ್ಟೆಗೆ ತಂದ ಮೂರು ಚಕ್ರದ ಗಾಡಿ. ಅದಕ್ಕೆ ಸ್ಪ್ರಿಂಗೇ ಇರಲಿಲ್ಲ. ಬುಗ್ಗೆಯಂತೆ ಉಬ್ಬಿದ ಟಯರುಗಳೇ ಎಲ್ಲ ಪೆಟ್ಟನ್ನೂ ತಾಳಬೇಕು. ಮೂರು ಚಕ್ರದವು ಮಗುಚಿ ಬಹಳ ಜನಕ್ಕೆ ಗಾಯವಾದ್ದರಿಂದ 1988ರಲ್ಲಿ ಅಮೆರಿಕದಲ್ಲಿ ಅವುಗಳ ಮಾರಾಟ ನಿಂತು, ನಾಲ್ಕು ಚಕ್ರದವೇ ಉಳಿದವು. ಈಗಿನ ಓಟದ ಗಾಡಿಗಳಲ್ಲಿ ಮುಂದಿನ ಒಂದೊಂದು ಚಕ್ರವನ್ನೂ ಇಂಗ್ಲಿಷಿನ ‘ಎ’ ಅಕ್ಷರದಂಥ ಎರಡು ತೋಳುಗಳು, ಒಂದರ ಮೇಲೊಂದಾಗಿ, ಹಿಡಿದಿರುತ್ತವೆ. ಚಕ್ರ ಸುಮಾರು 9 ಅಂಗುಲ ಮೇಲೆ ಕೆಳಗೆ ಆಡಬಲ್ಲದು. ಮಗ ಹಾಕಿಸಿದ ಹೊಸ ತೋಳು ಹಳೆಯದಕ್ಕಿಂತ 2 ಅಂಗುಲ ಉದ್ದ. ಎರಡು ಬದಿ ಸೇರಿ ಗಾಡಿ 4 ಅಂಗುಲ ಅಗಲವಾಯಿತು. ಓರೆಯಲ್ಲಿ ಮಗುಚುವ ಭಯ ಕಡಮೆಯಾಯಿತು. ತೋಳು ಉದ್ದವಾದರೆ ಚಕ್ರ ತಿರುಗಿಸುವ ಸರಳು ಉದ್ದವಾಗಬೇಕು, ಬ್ರೇಕಿನ ಕೊಳವೆ ಉದ್ದವಾಗಬೇಕು, ಚಕ್ರಗಳ ನೇರವನ್ನು ಹೊಸದಾಗಿ ಅಳೆಯಬೇಕು. ಒಂದನ್ನು ಬದಲಿಸಿ ಉಳಿದವನ್ನು ಹಾಗೆಯೇ ಬಿಡುವಂತಿಲ್ಲ.

ಇನ್ನು ಆ ಕೊಳವೆ. ಹಳೆಯ ಶಾಕಿನಲ್ಲಿ ಸ್ಪ್ರಿಂಗು ಗಟ್ಟಿಯಾಗಿಯೇ ಇತ್ತಂತೆ. ಸೋತದ್ದು ಒಳಗಿನ ಎಣ್ಣೆ. ಸತತವಾಗಿ ಪೆಟ್ಟು ಬಿದ್ದಾಗ ಎಣ್ಣೆ ಕಾದು, ಗಾಳಿ ಬೆರೆತು ನೊರೆಯಾಗುತ್ತದೆ. ನೊರೆಗೆ ತಡೆಯುವ ಶಕ್ತಿ ಎಲ್ಲಿಯದು? ಅದಕ್ಕೇ ಪಕ್ಕದ ಆ ಮರಿ ಡಬ್ಬಿ. ಅದರಲ್ಲಿ ನೈಟ್ರೊಜನ್ ಅನಿಲವನ್ನು ಒತ್ತಿ ತುಂಬಿ, ಎಣ್ಣೆಯನ್ನು ಸದಾ ಒತ್ತಡದಲ್ಲಿಟ್ಟು ನೊರೆಯೇಳದಂತೆ ಮಾಡುತ್ತಾರೆ. ಓದಿ ಮುಗಿಸಿದೆ. ಅಕ್ಷರ ತಿಳಿಯಿತು, ಅರ್ಥ ಪೂರ್ತಿ ತಿಳಿಯಲಿಲ್ಲ. ಸ್ಪ್ರಿಂಗು ಗಟ್ಟಿಯಾಗಿದ್ದರೆ ಎಣ್ಣೆಯದೇನು ದೊಡ್ಡಸ್ತಿಕೆ?

ಅದನ್ನು ತಿಳಿಸಿದವನು ಬೈಂದೂರಿನ ಒಬ್ಬ ಮೆಕ್ಯಾನಿಕ್ಕು. ನನ್ನ ಯೆಜ್ದಿಯೂ ಕೆಲಕಾಲದಿಂದ ಬ್ರೇಕು ಹಿಡಿದೊಡನೆ ಮೂಗು ತಗ್ಗಿಸಿ, ಹೊಂಡ ದಾಟಿದ ಮೇಲೆ ಮೂರು ನಾಲ್ಕು ಸಲ ತಲೆ ಕುಣಿಸುತ್ತಿತ್ತು. ಹಳೆಯ ಯೆಜ್ದಿಯ ಮರ್ಮ ಬಲ್ಲವನು ಅಲ್ಲೊಬ್ಬನಿದ್ದಾನೆಂದು ಕೇಳಿ ಹೋದೆ. ಅವನು ಗಾಡಿಯ ಹಿಡಿಯನ್ನು ಎರಡು ಸಲ ಅದುಮಿ ಬಿಟ್ಟು, ವೈದ್ಯನಂತೆ ತಲೆಯಾಡಿಸಿ, ಮುಂದಿನ ಎರಡೂ ಕಾಲುಗಳನ್ನು ಬಿಚ್ಚಿದ. ಮೊದಲು ಹೊರಬಂದದ್ದು ಸ್ಪ್ರಿಂಗಿನ ತಲೆಯ ಮೇಲಿದ್ದ ಒಂದು ಪೈಪಿನ ತುಂಡು.

“ಇದ್ಯಾರ್ ಹಾಕಿದ್ ಮಾರಾಯ್ರೆ?”

ನಾನೇ ಹಾಕಿಸಿದ್ದು. ತೊಂಬತ್ತರ ದಶಕದಲ್ಲಿ ಒಮ್ಮೆ ಮುಂಭಾಗ ಮೆತ್ತಗಾಯಿತೆಂದು ದೂರಿದಾಗ, ತುಂಡಿಟ್ಟು ಸ್ಪ್ರಿಂಗನ್ನು ಬಿಗಿ ಮಾಡಿಸಿಕೊಂಡಿದ್ದೆ. ಗಾಡಿ ಗಟ್ಟಿಯಾಯಿತೆಂದು ಹೆಮ್ಮೆಯೂ ಪಟ್ಟಿದ್ದೆ. ಮೆಕ್ಯಾನಿಕ್ಕು ಕೊಳವೆಯನ್ನು ಬೋರಲು ಹಾಕಿದ. ಬಟ್ಟಲು ತುಂಬ ಎಣ್ಣೆ ಬರಬೇಕಾದಲ್ಲಿ ಎರಡು ಚಮಚೆ ಕಪ್ಪು ನೀರು ಬಂತು. ಸೀಲು ಸವೆದು ಎಣ್ಣೆ ಎಂದೋ ಸೋರಿಹೋಗಿತ್ತು. ವರ್ಷಗಟ್ಟಲೆ ನಾನು ಬರಿಯ ಸ್ಪ್ರಿಂಗಿನ ಮೇಲೆ ಸವಾರಿ ಮಾಡಿದ್ದೆ.

“ಕಾಣಿ,” ಎಂದು ಅವನು ಸ್ಪ್ರಿಂಗನ್ನು ನೆಲಕ್ಕೆ ಅದುಮಿ ಕೈಬಿಟ್ಟ. ಅದು ಚಿಮ್ಮಿ ಬೆಂಚಿನ ಕೆಳಗೆ ಉರುಳಿತು. “ಸ್ಪ್ರಿಂಗ್ ಪೆಟ್ಟನ್ನ ನುಂಗುದಿಲ್ಲೆ. ಇಟ್ಕಂಬುದ್. ಇಟ್ಕಂಡ್ ತಿರ್ಗಿ ಕೊಡುದ್. ನುಂಗುದ್ ಎಣ್ಣಿ.”

ಇಷ್ಟೇ ಸಂಗತಿ. ಹೊಂಡದ ಪೆಟ್ಟು ಬಂದಾಗ ಸ್ಪ್ರಿಂಗು ಕುಗ್ಗುತ್ತದೆ. ಕುಗ್ಗಿದ್ದು ತನ್ನೊಳಗೆ ಕೂಡಿಟ್ಟ ಬಲವನ್ನೆಲ್ಲ ಒಡನೆಯೇ ಹಿಂದಕ್ಕೆ ಎಸೆಯುತ್ತದೆ. ಎಣ್ಣೆ ಮಾತ್ರ ಸಣ್ಣ ತೂತುಗಳಲ್ಲಿ ಕಷ್ಟಪಟ್ಟು ತೂರಿಕೊಂಡು ಹೋಗುತ್ತ, ಆ ಬಲವನ್ನು ಬಿಸಿಯಾಗಿ ಕರಗಿಸಿ ಕಳೆದುಬಿಡುತ್ತದೆ. ಬಿ.ಎಂ.ಡಬ್ಲ್ಯು. ಕಂಪನಿಯವರು 1935ರಲ್ಲಿ ಮೋಟಾರ್ ಸೈಕಲ್ಲಿನ ಮುಂಗಾಲಿನೊಳಗೆ ಹೀಗೆ ಎಣ್ಣೆ ತುಂಬಿ ಮಾರತೊಡಗಿದರು. ಇಂದಿನವರೆಗೂ ತತ್ತ್ವ ಅದೇ. ಎಣ್ಣೆಯಿಲ್ಲದ ಗಾಡಿಗೆ ಸ್ಪ್ರಿಂಗನ್ನು ಬಿಗಿ ಮಾಡಿದರೆ ಅದು ಗಟ್ಟಿಯಾಗುವುದಿಲ್ಲ, ಒರಟಾಗುತ್ತದೆ; ಇನ್ನಷ್ಟು ಜೋರಾಗಿ ತಿರುಗಿ ಹೊಡೆಯುತ್ತದೆ. ಮರಳುಗಾಡಿನಲ್ಲಿ ನನ್ನ ಮಗನನ್ನು ಎಸೆದದ್ದು ಆ ತಿರುಗೇಟೇ.

ಓದುಗರಿಗೆ ಈ ಮಾತು ಎತ್ತ ಹೋಗುತ್ತಿದೆಯೆಂದು ತಿಳಿದಿರಬಹುದು. ನನಗೂ ಆ ಬೆಂಚಿನ ಮೇಲೆಯೇ ತಿಳಿಯಿತು. ನನ್ನ ತಂದೆ ಸಿಟ್ಟಿನ ಮನುಷ್ಯರು. ಅವರಿಂದ ತಿಂದ ಪೆಟ್ಟುಗಳನ್ನು ನಾನು ನುಂಗಿದ್ದೇನೆಂದೇ ತಿಳಿದಿದ್ದೆ. ಹೆಡ್‌ಮಾಸ್ತರರ ಮಾತು, ಸಾಲದ ಚಿಂತೆ, ಎಲ್ಲವನ್ನೂ ನುಂಗಿ ಮನೆಗೆ ಬರುವ ಸಹನಶೀಲನೆಂದು ನನ್ನ ಬಗ್ಗೆ ನನಗೇ ಗೌರವವಿತ್ತು. ನುಂಗಿರಲಿಲ್ಲ, ಇಟ್ಟುಕೊಂಡಿದ್ದೆ. ಮಗ ಎದುರಿಗೆ ಸಿಕ್ಕಾಗೆಲ್ಲ ತಿರುಗಿ ಕೊಟ್ಟಿದ್ದೆ. ಅವನು ಎಲುಬು ಮುರಿದುಕೊಂಡು ತಂದೆಗೆ ಹೇಳದೆ ಇದ್ದನೆಂದರೆ, ಈ ಗಾಡಿ ಎಸೆಯುತ್ತದೆಂದು ಅವನಿಗೆ ಬಾಲ್ಯದಿಂದಲೇ ಗೊತ್ತಿತ್ತು ಎಂದು ಅರ್ಥ.

ಸಂಜೆಯ ಹೊತ್ತಿಗೆ ಹೊಸ ಸೀಲು, ಹೊಸ ಎಣ್ಣೆ, ಪೈಪಿನ ತುಂಡಿಲ್ಲದ ಹಳೆಯ ಸ್ಪ್ರಿಂಗು ಎಲ್ಲ ಕೂಡಿದವು. ಮೆಕ್ಯಾನಿಕ್ಕು ಮತ್ತೊಮ್ಮೆ ಹಿಡಿಯನ್ನು ಅದುಮಿ ಬಿಟ್ಟ. ಮುಂಭಾಗ ತಗ್ಗಿ, ನಿಧಾನವಾಗಿ ಮೇಲೆದ್ದು, ಅಲ್ಲಿಯೇ ನಿಂತಿತು. “ಒಂದೇ ಸಲ ಬಂದ್ ನಿಲ್ಕ್. ಕುಣುಕಾಗ,” ಎಂದ. ಪೈಪಿನ ತುಂಡನ್ನು ಎಸೆಯಹೊರಟವನಿಂದ ಅದನ್ನು ಕೇಳಿ ಜೇಬಿಗೆ ಹಾಕಿಕೊಂಡೆ.

ಉಪ್ಪುಂದ, ನಾವುಂದ ದಾಟಿ ಮರವಂತೆಗೆ ಬಂದಾಗ ಹೊತ್ತು ಮುಳುಗುತ್ತಿತ್ತು. ಒಂದು ಬದಿ ಕಡಲು, ಇನ್ನೊಂದು ಬದಿ ಸೌಪರ್ಣಿಕೆ, ನಡುವೆ ರಸ್ತೆ. ಆ ಜಾಗದಲ್ಲಿ ಗಾಡಿ ನಿಲ್ಲಿಸದೆ ಹೋಗುವವನು ಕುಂದಾಪುರದವನಲ್ಲ. ಕಲ್ಲು ಪೇರಿಸಿದ ಕಡೆ ತೆರೆಗಳು ಬಡಿದು ಆಳೆತ್ತರ ಹಾರುತ್ತಿದ್ದವು. ಮರಳಿದ್ದ ಕಡೆ ಅದೇ ತೆರೆಗಳು ಓಡಿಬಂದು, ಹರಡಿ, ಸದ್ದಿಲ್ಲದೆ ಇಂಗುತ್ತಿದ್ದವು. ಅಲ್ಲಿಂದಲೇ ಮಗನಿಗೆ ಫೋನು ಮಾಡಿದೆ.

ಎತ್ತಿದವನು ಗಾಬರಿಯಿಂದ “ಅಮ್ಮ ಹುಷಾರಿದ್ದ್ರಾ?” ಎಂದ. ತಂದೆ ತಾನಾಗಿ ಫೋನು ಮಾಡಬೇಕಾದರೆ ಮನೆಯಲ್ಲಿ ಏನಾದರೂ ಅನಾಹುತವಾಗಿರಬೇಕೆಂಬುದು ಅವನ ಲೆಕ್ಕ.

ಹುಷಾರಿದ್ದಾಳೆಂದೆ. ಆಮೇಲೆ ಏನು ಹೇಳಬೇಕೆಂದು ತೋಚದೆ, “ನಿನ್ನ ಹೊಸ ಶಾಕು ತಿರುಗಿ ಬಪ್ಪುಕೆ ಎಷ್ಟ್ ಹೊತ್ತು ತಕಂತ್ತ್?” ಎಂದು ಕೇಳಿದೆ.

ಕೊಂಚ ಹೊತ್ತು ಕಡಲಿನ ಸದ್ದಷ್ಟೇ ಇತ್ತು. ಬಳಿಕ ಅವನು ಮಾತಾಡತೊಡಗಿದ. ಶಾಕಿನ ಬುಡದಲ್ಲೊಂದು ತಿರುಪಿದೆಯಂತೆ. ತಿರುಗಿ ಬರುವ ವೇಗವನ್ನು ಅದರಿಂದ ಹದ ಮಾಡಬಹುದು. ತೀರ ಬೇಗ ಬಂದರೆ ಪುಟಿಯುತ್ತದೆ. ತೀರ ತಡವಾದರೆ ಮುಂದಿನ ಪೆಟ್ಟಿಗೆ ಸಿದ್ಧವಾಗುವುದಿಲ್ಲ, ಕುಗ್ಗಿಯೇ ಉಳಿದುಬಿಡುತ್ತದೆ. ಎರಡರ ನಡುವಿನ ಹದ ಹುಡುಕುವುದಕ್ಕೆ ಮೂರು ವಾರ ಹಿಡಿಯಿತಂತೆ. ನಾನು ಪೈಪಿನ ತುಂಡಿನ ಕತೆ ಹೇಳಿದೆ. ಅವನು ನಕ್ಕ. ಆ ನಗುವನ್ನು ಕೇಳಿ ಎಷ್ಟು ದಿನವಾಗಿತ್ತೆಂದು ಲೆಕ್ಕ ಹಾಕಿದೆ. ತಿಂಗಳಲ್ಲಿ ಮುಗಿಯುವ ಲೆಕ್ಕವಾಗಿರಲಿಲ್ಲ.

ಫೋನು ಇಡುವ ಮೊದಲು “ಭುಜ ಹ್ಯಾಂಗಿತ್ತ್?” ಎಂದೆ.

ಅವನು ತಡೆದ. “ಮಳೆ ಬಪ್ಪು ಮುಂಚೆ ಚೂರು ನೋವಾತ್ತ್, ಅಪ್ಪಯ್ಯ,” ಎಂದ. ದುಬೈಯಲ್ಲಿ ಮಳೆಯೆಲ್ಲಿಯದು ಎಂದು ಕೇಳಲು ನಾಲಿಗೆಯ ತುದಿಗೆ ಬಂತು. ಬಂದದ್ದನ್ನು ನುಂಗಿದೆ, ಈ ಸಲ ನಿಜವಾಗಿಯೇ.

ಅವನು ಸೋಣೆ ತಿಂಗಳಿಗೆ ಬರುತ್ತಾನಂತೆ. ಯೆಜ್ದಿಯನ್ನು ಮಾರಬೇಡಿ ಎಂದಿದ್ದಾನೆ. ಮಾಡಿನ ಪಕಾಸುಗಳು ಇನ್ನೂ ಹಾಗೆಯೇ ಇವೆ. ಮುಂಗಾಲಿನ ಬಲಗಡೆಯ ಸೀಲು ಮತ್ತೆ ಸ್ವಲ್ಪ ಒಸರುತ್ತಿರುವಂತಿದೆ. ದಿನಾ ಬೆಳಿಗ್ಗೆ ಬೆರಳಿಟ್ಟು ನೋಡುತ್ತೇನೆ.