ಸ್ಟಿಕ್ಕರಿನ ಅಜ್ಜ

ಸೋಮೇಶ್ವರದ ಕಡಲು ಪಳಗಿದ ಕಡಲಲ್ಲ. ಮಳೆಗಾಲದಲ್ಲಿ ರುದ್ರಪಾದೆಯ ಬಂಡೆಗಳಿಗೆ ಅಲೆ ಬಡಿಯುವ ಸದ್ದು ಕೇಳಿದರೆ ಬಂಡೆಯೇ ಬಿರಿಯಿತೇನೋ ಅನ್ನಿಸುತ್ತದೆ. ಬಯಲುಸೀಮೆಯ ಕೇರಿಯಲ್ಲಿ ಹುಟ್ಟಿ, ಊರ ಬಾವಿಯನ್ನು ದೂರದಿಂದಲೇ ನೋಡಿ ಬೆಳೆದವನು ನಾನು. ಮೇಷ್ಟ್ರಾಗಿ ಈ ಕಡೆ ಬಂದ ಹೊಸದರಲ್ಲಿ, ಯಾರ ಅಪ್ಪಣೆಯೂ ಇಲ್ಲದೆ ಇಳಿಯಬಹುದಾದ ಇಷ್ಟೊಂದು ನೀರು ಕಂಡು ಗಂಟಲು ಕಟ್ಟಿತ್ತು.

ಅಲ್ಲಿಂದ ಒಳಕ್ಕೆ ಕೆಲವೇ ಮೈಲಿ ನಡೆದರೆ ಕುತ್ತಾರು, ಕೊರಗಜ್ಜನ ನೆಲ. ಕಥೆ ನಿಮಗೆ ಗೊತ್ತಿರಬಹುದು. ಬಿಲ್ಲವರ ಮನೆಯ ತಾಯಿಯೊಬ್ಬಳು ಸಾಕಿದ ಕೊರಗರ ಹುಡುಗ ತನಿಯ. ಹಲವರು ಹೊರಬೇಕಾದ ಹೊರೆಯನ್ನು ಒಬ್ಬನೇ ಹೊತ್ತು ಗುಡಿಗೆ ತಂದ. ಹೊರೆ ಒಳಗೆ ಹೋಯಿತು, ಹೊತ್ತವನು ಹೊರಗೇ ನಿಂತ. ಅಲ್ಲೇ ಕಂಡ ಮಾದಳದ ಹಣ್ಣಿಗೆ ಕೈ ಚಾಚಿದ, ಮಾಯವಾದ. ಆಮೇಲೆ ದೈವವಾದ ಅನ್ನುತ್ತಾರೆ. ಬದುಕಿದ್ದಾಗ ಬಾಗಿಲು ಮುಚ್ಚಿ, ಮಾಯವಾದ ಮೇಲೆ ಕೈಮುಗಿಯುವುದು ನಮ್ಮ ದೇಶಕ್ಕೆ ಚೆನ್ನಾಗಿ ಬರುತ್ತದೆ ಬಿಡಿ.

ಈಗ ಅಜ್ಜ ಎಲ್ಲೆಲ್ಲೂ ಇದ್ದಾನೆ. ಆಟೋದ ಬೆನ್ನ ಮೇಲೆ, ಕಾರಿನ ಗಾಜಿನ ಮೇಲೆ, ಹುಡುಗರ ಮೊಬೈಲಿನಲ್ಲಿ. ಕಂಪ್ಯೂಟರಿನಲ್ಲಿ ಬರೆದ ಚಿತ್ರಗಳು. ಕಾಮಿಕ್ಸಿನ ವೀರನ ಹಾಗೆ ಉಬ್ಬಿದ ತೋಳು, ಕೆಂಡದ ಕಣ್ಣು, ಬೆನ್ನ ಹಿಂದೆ ಬೆಂಕಿ, ಕಡಲು, ಸಿಡಿಲು. 2022ರಲ್ಲಿ 'ಕಾಂತಾರ' ಸಿನಿಮಾ ಬಂದ ಮೇಲಂತೂ ದೈವಗಳ ಇಂಥ ಚಿತ್ರಗಳಿಗೆ ಲೆಕ್ಕವಿಲ್ಲ. ಬರೆದವರ ಕೈಚಳಕವನ್ನು ನಾನು ಹೀಗಳೆಯುವವನಲ್ಲ. ನನ್ನ ಬೈಕಿನ ಮೇಲೂ ಒಂದು ಅಂಟಿಸಿಕೊಂಡಿದ್ದೆ. ನಮ್ಮವನೊಬ್ಬ ಎದೆಯುಬ್ಬಿಸಿ ನಿಂತಿದ್ದಾನಲ್ಲ ಅಂತ ಹೆಮ್ಮೆ.

ಒಂದು ದಿನ ಕ್ಲಾಸಿನಲ್ಲಿ ಮಕ್ಕಳಿಗೆ, ನಿಮಗೆ ಇಷ್ಟವಾದ ವೀರನ ಚಿತ್ರ ಬರೆಯಿರಿ ಅಂದೆ. ಅರ್ಧಕ್ಕರ್ಧ ಹುಡುಗರು ಸ್ಟಿಕ್ಕರಿನ ಅಜ್ಜನನ್ನೇ ಬರೆದರು. ಹಿಂದಿನ ಬೆಂಚಿನ ಕೊರಗರ ಹುಡುಗಿಯೂ ಅಜ್ಜನನ್ನೇ ಬರೆದಿದ್ದಳು. ಸಣಕಲು ಮೈಯ ಮುದುಕ, ತಲೆಗೆ ಅಡಿಕೆ ಹಾಳೆಯ ಮುಟ್ಟಾಳೆ, ಮಡಿಲಲ್ಲಿ ಅರ್ಧ ಹೆಣೆದ ಬುಟ್ಟಿ. ಪಕ್ಕದ ಹುಡುಗ ನೋಡಿ ನಕ್ಕ.

"ಇದು ಅಜ್ಜ ಅಲ್ಲ ಸರ್, ಇದು ಬರೀ ಕೊರಗ."

ಕ್ಲಾಸೆಲ್ಲ ನಕ್ಕಿತು. ಗೆಳೆಯರೆ, ಸಭೆಗಳಲ್ಲಿ ಗಂಟಲು ಹರಿಯುವಂತೆ ಕೂಗುವ ನಾನು ಆಗ ಮಾಡಿದ್ದೇನು? ಪುಸ್ತಕ ಮುಚ್ಚಿ ಅಂದೆ.

ಬರೀ ಕೊರಗ! ಉಗುಳು ದಾರಿಗೆ ಬೀಳಬಾರದೆಂದು ಕೊರಳಿಗೆ ಅಂಡೆ ಕಟ್ಟಿಸಿಕೊಂಡು 'ಅಂಡೆ ಕೊರಗ' ಅನ್ನಿಸಿಕೊಂಡವರು. ಉಳ್ಳವರ ಮನೆಯ ಬಸುರಿಯ ಕೇಡು ಕಳೆಯಲಿ ಅಂತ ಕೂದಲು, ಉಗುರು ಕಲಸಿದ ಅನ್ನ ತಿಂದವರು. ಕಂಬಳದ ಹಿಂದಿನ ರಾತ್ರಿ ಕೋಣ ಓಡುವ ಕೆಸರಿನಲ್ಲಿ ಓಡಿದವರು. ಇದಕ್ಕೆ ಅಜಲು ಅನ್ನುವ ಹೆಸರು. ನಿಷೇಧಿಸುವ ಕಾನೂನು ಬಂದದ್ದು 2000ದಲ್ಲಿ, ಸ್ವಾತಂತ್ರ್ಯ ಬಂದು ಐವತ್ತಕ್ಕೂ ಹೆಚ್ಚು ವರ್ಷ ಕಳೆದ ಮೇಲೆ. 2001ರ ಜನಗಣತಿಯಲ್ಲಿ ರಾಜ್ಯದಲ್ಲಿ 16 ಸಾವಿರದಷ್ಟಿದ್ದ ಕೊರಗರು 2011ಕ್ಕೆ 15 ಸಾವಿರದೊಳಗೆ ಇಳಿದರು. ಸ್ಟಿಕ್ಕರು ಹೆಚ್ಚುತ್ತಿವೆ, ಜನ ಕಮ್ಮಿಯಾಗುತ್ತಿದ್ದಾರೆ. ಈ ತುಳುನಾಡನ್ನು ಹುಬಾಶಿಕನೆಂಬ ಕೊರಗರ ಅರಸ ಆಳಿದ್ದನೆಂದು ಅವರ ಹಿರಿಯರು ಹೇಳುತ್ತಾರೆ. ಅವನ ಸ್ಟಿಕ್ಕರನ್ನು ನಾನೆಲ್ಲೂ ಕಂಡಿಲ್ಲ.

ಭಾನುವಾರ ಆ ಹುಡುಗಿಯ ಮನೆಗೆ ಹೋದೆ. ಅಂಗಳದಲ್ಲಿ ಅವಳ ತಾತ ಕಾಡುಬಳ್ಳಿ ಸೀಳುತ್ತ ಕೂತಿದ್ದ. ಗೋಡೆಗೆ ಡೋಲು ನೇತುಬಿಟ್ಟಿತ್ತು. ಕ್ಲಾಸಿನಲ್ಲಿ ನಡೆದದ್ದು ಹೇಳಿ, ತಪ್ಪಾಯಿತು ಅಜ್ಜಾ ಅಂದೆ. ಅವನು ಅದಕ್ಕೇನೂ ಅನ್ನಲಿಲ್ಲ. ಎದ್ದು ಬಂದು ಬೈಕಿನ ಮೇಲಿನ ಚಿತ್ರವನ್ನು ಬಗ್ಗಿ ನೋಡಿದ.

"ಇದು ಯಾರು ಮಾಷ್ಟ್ರೇ?"

"ಕೊರಗಜ್ಜ."

"ಹೌದಾ?" ಅಂದು ಇನ್ನೊಮ್ಮೆ ನೋಡಿದ. "ಕೈ ಇಷ್ಟು ದಪ್ಪ ಇದ್ರೆ ಬಳ್ಳಿ ಹೆಣೆಯುವುದು ಹೇಗೆ ಮಾರಾಯ್ರೆ?"

ಹೇಳಿ ಮತ್ತೆ ಹೋಗಿ ಕೂತ. ಹುಡುಗಿ ಒಳಗಿನಿಂದ ಚಾ ತಂದುಕೊಟ್ಟಳು. ಕುಡಿದೆ. ಸೋಮವಾರ ಅವಳ ಚಿತ್ರವನ್ನು ಕ್ಲಾಸಿನ ಗೋಡೆಗೆ ಅಂಟಿಸಿ, ನಕ್ಕ ಹುಡುಗನ ಕೈಯಲ್ಲೇ ಅದರ ಕೆಳಗೆ ಅವಳ ಹೆಸರು ಬರೆಸಿದೆ.