ತಿಗರಿಯಿಲ್ಲದ ಕುಂಬಾರಿಕೆ

ಕುಂಬಾರಿಕೆ ಎಂದೊಡನೆ ನಮ್ಮ ಕಣ್ಣ ಮುಂದೆ ಬರುವುದು ಗಿರಗಿರನೆ ತಿರುಗುವ ತಿಗರಿ. ಆದರೆ ತಿಗರಿಗಿಂತ ಕೈ ಹಳೆಯದು. ಚಿತ್ರದುರ್ಗ ಜಿಲ್ಲೆಯ ಬ್ರಹ್ಮಗಿರಿಯಲ್ಲಿ 1947ರಲ್ಲಿ ಮಾರ್ಟಿಮರ್ ವೀಲರ್ ಉತ್ಖನನ ನಡೆಸಿದಾಗ, ನವಶಿಲಾಯುಗದ ಪದರಗಳಲ್ಲಿ ದೊರೆತ ಮಡಕೆಗಳಲ್ಲಿ ಹೆಚ್ಚಿನವು ಕೈಯಿಂದಲೇ ರೂಪಿಸಿದವು. ಈ ಪಾಠವನ್ನು ನನ್ನಿಂದ ಕೇಳಿದವರು ಈಗ ನಕ್ಕಾರು. ಅಂದು ಕರಿಹಲಗೆಯ ಮೇಲೆ ಮಡಕೆಯ ಚಿತ್ರ ಬರೆದು ತೋರಿಸುತ್ತಿದ್ದ ಟೀಚರು ಅರವತ್ತಾರರ ವಯಸ್ಸಿನಲ್ಲಿ ಹಿತ್ತಲಲ್ಲಿ ಮಣ್ಣು ಮೆತ್ತಿಕೊಂಡು ಕುಳಿತಿದ್ದಾರೆ.

ಅದಕ್ಕೆ ಕಾರಣ ನಮ್ಮ ಅಕ್ಕ. ಬಂಧುಗಳೆಲ್ಲ ಬಲ್ಲಂತೆ, ಕಳೆದ ವರ್ಷ ಲಕ್ವ ಹೊಡೆದ ಮೇಲೆ ಅವಳ ಎಡಗೈ ಬೆರಳುಗಳಲ್ಲಿ ಬಲವಿಲ್ಲ. ವೈದ್ಯರು ರಬ್ಬರ್ ಚೆಂಡನ್ನು ಹಿಸುಕುತ್ತಿರಲು ಹೇಳಿದ್ದರು. ಎರಡು ದಿನ ಹಿಸುಕಿ, ಮೂರನೆಯ ದಿನ ಅದನ್ನು ಪಕ್ಕದ ಮನೆಯ ಹುಡುಗನಿಗೆ ಕೊಟ್ಟುಬಿಟ್ಟಳು. ಮಣ್ಣೆತ್ತಿನ ಅಮಾವಾಸ್ಯೆಗೆಂದು ಕುಂಬಾರ ಓಣಿಯಿಂದ ತಂದ ಹದವಾದ ಮಣ್ಣು ಪೂಜೆ ಮುಗಿದ ಮೇಲೂ ಅರ್ಧ ಬುಟ್ಟಿ ಉಳಿದಿತ್ತು. ಅಕ್ಕ ಅದನ್ನು ಚೆಲ್ಲಗೊಡಲಿಲ್ಲ.

ಲಿಂಬೆಹಣ್ಣಿನ ಗಾತ್ರದ ಉಂಡೆ ಮಾಡಿ, ನಡುವೆ ಹೆಬ್ಬೆರಳನ್ನು ಊರಿ, ಅಂಗೈಯಲ್ಲಿ ತಿರುಗಿಸುತ್ತ ತಳದಿಂದ ಅಂಚಿನವರೆಗೆ ಚಿವುಟುತ್ತ ಹೋದರೆ ಬಟ್ಟಲಾಗುತ್ತದೆ. ನನಗೋ ಮೊದಲ ದಿನವೇ ಒಂದು ಚೆಂದದ ಪಣತಿ ಬೇಕಿತ್ತು. ಅದು ನೀರು ಹೆಚ್ಚಾಗಿ ಮಗ್ಗುಲಿಗೆ ವಾಲಿತು. “ಪರೀಕ್ಷಾ ಅಲ್ಲ ತಂಗಿ, ಕೆಟ್ರ ಮತ್ತ ಮಾಡಿದ್ರಾತು” ಎಂದು ಅಕ್ಕ ಅದನ್ನು ಹಿಚುಕಿ ಮತ್ತೆ ಉಂಡೆ ಮಾಡಿ ಕೊಟ್ಟಳು. ಬಾಲ್ಯದಲ್ಲಿ ಗುಳ್ಳವ್ವನನ್ನು ಮಾಡಲು ಕಲಿಸಿದವಳೂ ಅವಳೇ.

ಅಂದಿನಿಂದ ಅದೇ ಆಟವಾಯಿತು. ಒಂದೇ ಉಂಡೆಯಿಂದ ಹತ್ತು ಬಟ್ಟಲು ಮಾಡುವುದು, ಹತ್ತನ್ನೂ ಅಳಿಸುವುದು. ಒಮ್ಮೆ ಕಣ್ಣು ಮುಚ್ಚಿಕೊಂಡು, ಒಮ್ಮೆ ಎಡಗೈಯಿಂದ ಮಾತ್ರ. ಕಣ್ಣು ಮುಚ್ಚಿದಾಗಲೇ ಗೋಡೆ ಎಲ್ಲಿ ದಪ್ಪ, ಎಲ್ಲಿ ತೆಳುವು ಎಂಬುದು ಬೆರಳಿಗೆ ಚೆನ್ನಾಗಿ ತಿಳಿಯುತ್ತದೆ. ಕೋಡುಬಳೆಯಂತೆ ಹೊಸೆದ ಮಣ್ಣಿನ ಎಳೆಗಳನ್ನು ಸುತ್ತಿ ಸುತ್ತಿ ಗಡಿಗೆ ಎಬ್ಬಿಸಲು ನೋಡಿದೆವು. ಮೊದಲನೆಯದು ಒಣಗಿದ ಮೇಲೆ ಎಳೆ ಎಳೆಯಾಗಿ ಬಿಚ್ಚಿಕೊಂಡಿತು. ಕೂಡಿಸುವ ಎರಡೂ ಕಡೆ ಚಮಚದ ತುದಿಯಿಂದ ಗೀರಿ, ತೆಳು ಕೆಸರು ಸವರಿ ಒತ್ತಿದರೆ ಮಾತ್ರ ಅಂಟು ನಿಲ್ಲುತ್ತದೆ. ಗೋಣಿತಟ್ಟು, ಬೇವಿನೆಲೆ, ಕಡಗೋಲಿನ ತಲೆ, ಕೈಗೆ ಸಿಕ್ಕಿದ್ದೆಲ್ಲ ಅಚ್ಚೊತ್ತಲು ಒದಗಿತು.

ಬಿ.ಎಡ್. ಓದುವಾಗ ಫ್ರೋಬೆಲ್‌ನ ಕಿಂಡರ್‌ಗಾರ್ಟನ್ ಪದ್ಧತಿಯಲ್ಲಿ ಮಣ್ಣಿನ ಕೆಲಸಕ್ಕೂ ಸ್ಥಾನವಿತ್ತೆಂದು ಉತ್ತರ ಬರೆದು ಅಂಕ ಪಡೆದಿದ್ದೆವು. ಆಗ ಒಂದು ಹಿಡಿ ಮಣ್ಣನ್ನು ನಮ್ಮ ಕೈಗೆ ಕೊಟ್ಟವರಿಲ್ಲ!

ಈ ಆಟಕ್ಕೆ ಮಣ್ಣಿನ ಒಂದು ಗುಣವೇ ಆಧಾರ. ಬೆಂಕಿ ಕಾಣುವವರೆಗೂ ಅದು ಹಿಂದಕ್ಕೆ ಬರಬಲ್ಲದು. ಅರ್ಧ ಒಣಗಿದ ಪಾತ್ರೆಯನ್ನು ನೀರಿಗೆ ಹಾಕಿದರೆ ಬೇಗ ಕರಗದು. ಪೂರ್ತಿ ಒಣಗಿದ್ದನ್ನು ಹಾಕಿದರೆ ನೋಡನೋಡುತ್ತಿದ್ದಂತೆ ಪುಡಿಪುಡಿಯಾಗಿ ಕುಸಿಯುತ್ತದೆ. ಸುಮಾರು 600 ಡಿಗ್ರಿ ಸೆಲ್ಸಿಯಸ್ ಶಾಖವನ್ನು ಕಂಡ ಬಳಿಕ ಮಾತ್ರ ಅದು ಮತ್ತೆ ಕೆಸರಾಗಲಾರದು.

ಅಕ್ಕನ ಕೈ ಮೊದಲಿನಂತಾಯಿತೆಂದು ಬರೆಯಲಾರೆ. ಲೋಟ ಎತ್ತುವಾಗ ಇನ್ನೂ ನಡುಗುತ್ತದೆ. ಆದರೆ ದಿನಕ್ಕೆ ಒಂದು ಗಂಟೆ, ಯಾರೂ ಹೇಳದೆ, ಆ ಬೆರಳುಗಳು ದುಡಿಯುತ್ತಿವೆ. ಈವರೆಗೆ ಮಾಡಿದ್ದನ್ನೆಲ್ಲ ನೀರಿಗೆ ಹಾಕುತ್ತಿದ್ದವಳು ಮೊನ್ನೆ ಒಂದು ಸೊಟ್ಟ ಬಟ್ಟಲನ್ನು ಬೇರೆ ಎತ್ತಿಟ್ಟಳು. ಒಳಗೋಡೆಯಲ್ಲಿ ಎಡಗೈಯ ಮೂರು ಬೆರಳುಗಳ ಗುರುತು ಸ್ಪಷ್ಟವಾಗಿದೆ. “ಇದನ್ನ ಸುಡಸು” ಎಂದಳು.

ಕುಂಬಾರ ಓಣಿಗೆ ಒಯ್ದು ತೋರಿಸಿದೆ. ತಳ ಬಹಳ ದಪ್ಪವಿದೆ, ಒಳಗೆ ಹಸಿ ಉಳಿದರೆ ಆವಿಗೆಯಲ್ಲಿ ಸಿಡಿದೀತು, ಪೂರ್ತಿ ಒಣಗಿದ ಮೇಲೆ ತನ್ನಿರಿ ಎಂದರು. ಆಷಾಢದ ಮಳೆ ಹಿಡಿದಿದೆ. ಬಟ್ಟಲು ಅಡುಗೆಮನೆಯ ನಾಗೊಂದಿಯ ಮೇಲೆ ಬಟ್ಟೆ ಹೊದ್ದು ಕುಳಿತಿದೆ. ಅಕ್ಕ ದಿನಕ್ಕೆರಡು ಬಾರಿ ಅದರ ತಳವನ್ನು ಕೆನ್ನೆಗೆ ತಾಗಿಸಿ ನೋಡಿ, ಇನ್ನೂ ತಣ್ಣಗಿದೆಯೆಂದು ಮತ್ತೆ ಅಲ್ಲಿಯೇ ಇಡುತ್ತಾಳೆ.